ಒಂದೇ ದಾರದ ಎರಡು ಟೋಕನ್

ಮೊನ್ನೆ ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡಿದು ಬಂದಳು. ವಿನೋಬನಗರದ ಶಾಲೆಯೊಂದರಲ್ಲಿ ಟೀಚರು ಅವಳು. ಮರುದಿನ ಮಕ್ಕಳನ್ನು ಹೊಳೆದಂಡೆಯ ಸಕ್ರೆಬೈಲಿಗೆ ಆನೆ ತೋರಿಸಲು ಕರೆದೊಯ್ಯಬೇಕು. ಶಾಲೆಯ ಪಟ್ಟಿಗೂ ಬಸ್ಸಿನ ಪಟ್ಟಿಗೂ ಒಂದು ರೋಲ್ ನಂಬರೂ ತಾಳೆಯಾಗುತ್ತಿಲ್ಲ. ನೋಡಿದೆ. ಒಂದರಲ್ಲಿ ಅಂಕಿಗಳು ಬಲಕ್ಕೆ ಒರಗಿವೆ, ಇನ್ನೊಂದರಲ್ಲಿ ಎಡಕ್ಕೆ. ಅಷ್ಟಕ್ಕೇ ಕುರ್ಚಿ ಹಿಂದೆ ಸರಿಸಿದೆ. ನಗಬೇಡಿ, ಹುಲಿಗೆ ಹೆದರುವವರಿದ್ದಾರೆ, ನಾನು ಎಡಕ್ಕೆ ಒರಗಿದ ಅಂಕಿಗೆ ಹೆದರುತ್ತೇನೆ.

ವರ್ಷಗಳ ಹಿಂದೆ ನಾನು ಮಾಚೇನಹಳ್ಳಿಯ ಒಂದು ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿದ್ದೆ. ಭಾವ, ಅಂದರೆ ಇವಳ ಅಪ್ಪ, ಅಲ್ಲೇ ಪೇಂಟ್ ಶೆಡ್ಡಿನಲ್ಲಿದ್ದರು. ಕೆಲಸಗಾರರು ಒಳಗೆ ಹೋಗುವಾಗ ಟೋಕನ್ ನಂಬರ್ ಬರೆಸಬೇಕು, ಹೊರಗೆ ಬರುವಾಗ ಟೋಕನ್ನನ್ನು ಡಬ್ಬಿಗೆ ಹಾಕಬೇಕು. ಹಾಕದಿದ್ದರೆ ಸಂಬಳಕ್ಕೆ ಕತ್ತರಿ. ಶೆಡ್ಡಿಗೆ ಬೆಂಕಿ ಬಿದ್ದ ದಿನವೂ ಜನ ಟೋಕನ್ ಹಾಕಿಯೇ ಓಡಿದ್ದರು.

ಡಬ್ಬಿಯಲ್ಲಿದ್ದ ನಂಬರುಗಳನ್ನು ಕಂಪ್ಯೂಟರಿಗೆ ಟೈಪ್ ಮಾಡಿದೆವು. ಒಳಗೆ ಹೋಗಿ ಹೊರಗೆ ಬಾರದವರು ಯಾರು ಎಂದು ಕೇಳಿದರೆ, ಕಂಪ್ಯೂಟರು ಎಲ್ಲರನ್ನೂ ತೋರಿಸಿತು. ಭಾವನ ನಂಬರೂ ಇತ್ತು. ಕಿಟಕಿಯಾಚೆ ಕಪ್ಪು ಹೊಗೆ.

ಪಕ್ಕದಲ್ಲಿದ್ದವಳು ಸೆಲ್ವಿ, ಭದ್ರಾವತಿಯವಳು, ಪ್ರೋಗ್ರಾಂ ಬರೆದವಳು. "ಅಯ್ಯೋ, ಬಾಯಿ ಮುಚ್ರೀ ಸ್ವಲ್ಪ," ಎಂದಳು. ನಾನು ಕಿರುಚುತ್ತಿದ್ದೆನೆಂದು ಆಗಲೇ ಗೊತ್ತಾದದ್ದು. "ಗುತ್ತಿಗೆಯವರ ಟೋಕನ್ನಲ್ಲಿ ಅಕ್ಷರ ಇದೆ ಅಂತ ಡಬ್ಬಿ ಪಟ್ಟೀನ ಪೂರ್ತಿ ಅಕ್ಷರ ಅಂತ ಇಟ್ಟಿದೀವಿ. ಇವತ್ತು ಗುತ್ತಿಗೆಯವರು ಬಂದಿಲ್ಲ, ಗೇಟಿನ ಪಟ್ಟಿ ಬರೀ ಅಂಕಿ. ಅಂಕಿಯಾದ್ರೆ ಬಲಕ್ಕೆ ಒರಗತ್ತೆ, ಅಕ್ಷರವಾದ್ರೆ ಎಡಕ್ಕೆ. ಅಲ್ಲಿ ಏಳು, ಇಲ್ಲಿ ಏಳು, ನಮ್ಮ ಕಣ್ಣಿಗೆ ಎರಡೂ ಒಂದೇ. ಈ ಕಂಪ್ಯೂಟರಿಗೆ ಬೇರೆ ಬೇರೆ."

ಗೇಟಿನ ಅಂಕಿಗಳನ್ನೂ ಅಕ್ಷರವಾಗಿಸಿ ಮತ್ತೆ ಹೋಲಿಸಿದಳು. ಪಟ್ಟಿ ಖಾಲಿ. ಒಳಗೆ ಯಾರೂ ಇಲ್ಲವೆಂದು ಹೇಳಲು ನಾನೇ ಗೇಟಿಗೆ ಓಡಿದೆ. ನೀರು ಹೊಡೆಯುತ್ತಿದ್ದವರು ನಿರಾಳರಾದರು.

ಗುಂಪಿನಲ್ಲಿ ಭಾವ ಕಾಣಲಿಲ್ಲ. ಅವರ ಜೊತೆಗಾರ ಶಿವಣ್ಣ ನಿಂತಿದ್ದ. "ಭಾವ ಎಲ್ಲಿ?"

"ಇಲ್ಲೇ ಎಲ್ಲೋ ಇರ್ತಾನೆ," ಎಂದವನು ಕೊರಳು ಮುಟ್ಟಿಕೊಂಡ. ಬಣ್ಣ ಮೆತ್ತುತ್ತದೆಂದು ಭಾವನ ಟೋಕನ್ನನ್ನೂ ತನ್ನದರ ಜೊತೆ ಒಂದೇ ದಾರಕ್ಕೆ ಪೋಣಿಸಿ ಹಾಕಿಕೊಳ್ಳುವುದು ಅವನ ರೂಢಿ. ಕೊರಳಲ್ಲಿ ದಾರವಿರಲಿಲ್ಲ. "ಮಾರಾಯ, ಎರಡೂ ನಾನೇ ಹಾಕ್ಬಿಟ್ನಲ್ಲೋ!"

ಆಮೇಲಿನದನ್ನು ನಾನು ಪೂರ್ತಿ ನಂಬುವುದಿಲ್ಲ. ಶೆಡ್ಡಿನ ಹಿಂಗೋಡೆಯ ಬಳಿ ಎಲ್ಲರೂ ಹೆಸರು ಹಿಡಿದು ಕೂಗಿದೆವು. ಉಗ್ರಾಣದ ಮುಚ್ಚಿದ ಬಾಗಿಲಾಚೆಯಿಂದ "ಓ" ಎಂದದ್ದು ನನಗೆ ಕೇಳಿಸಿತು. ಬಾಗಿಲು ಒಡೆದರು. ಭಾವ ಮಾತ್ರ ಇಂದಿಗೂ ಹೇಳುವುದು, "ಓ ಅನ್ನೋಕೆ ಉಸಿರೆಲ್ಲಿತ್ತು? ಕೆಮ್ಮಿದೆ, ಅಷ್ಟೇ."

ಅಕ್ಕನ ಮಗಳ ಪಟ್ಟಿ ಸರಿಮಾಡಿಕೊಟ್ಟೆ. "ಎಲ್ಲ ಮ್ಯಾಚ್ ಆಯ್ತು!" ಎಂದಳು.

"ಆಗ್ಲಿ. ಆದ್ರೂ ಹೊಳೆ ಹತ್ರ ಹೆಸರು ಹಿಡಿದು ಕೂಗು. ಒಬ್ಬೊಬ್ಬರೂ ಓ ಅನ್ನಬೇಕು. ಮುಖ ನೋಡ್ದೆ ಬಸ್ ಬಿಡಿಸ್ಬೇಡ."

"ನಿಮ್ಮದೊಂದು ಹೆದರಿಕೆ," ಎಂದು ನಕ್ಕಳು.

ಅವಳ ಜೊತೆ ಬಂದು ಹಾಲ್‌ನಲ್ಲಿ ಕೂತಿದ್ದ ಭಾವ ಕೆಮ್ಮಿದರು. ಈ ಸಲ ಅದು ನನಗೆ ಕೆಮ್ಮಾಗಿಯೇ ಕೇಳಿಸಿತು. ಆದರೂ ಎದ್ದು ಹೋಗಿ ನೋಡಿಬಂದೆ.