ಬಡಿದು ನೋಡಿದ ಕಲ್ಲು

ಶಹಾಬಾದಿನ ನಮ್ಮ ಓಣಿಯ ಕಾಕಾ ಮನೆಗಳಿಗೆ ಹಾಸುಗಲ್ಲು ಕೂರಿಸುತ್ತಿದ್ದರು. ಪ್ರತಿ ಕಲ್ಲನ್ನೂ ಸುತ್ತಿಗೆಯ ಹಿಡಿಯಿಂದ ಮೂರು ಸಲ ತಟ್ಟಿ, ಅಡಿಯಲ್ಲಿ ಪೊಳ್ಳು ಉಳಿದಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದರು. "ಬಡದ್ ನೋಡ್ಬೇಕವ್ವಾ" ಎನ್ನುವುದು ಅವರ ಮಾತು.

ಕೊರೊನಾ ಬಂದು ಕಾಲೇಜು ಮುಚ್ಚಿದಾಗ ನಾನು ಇಲ್ಲಿಂದ, ಗೆಳತಿ ಸೇಡಂನಿಂದ, ಫೋನಿನಲ್ಲೇ ಮಾತಾಡಿಕೊಂಡು ಕೊನೆಯ ಸೆಮಿಸ್ಟರಿಗೆ ಒಂದು ವಿಡಿಯೊ ಗೇಮ್ ಮಾಡುತ್ತಿದ್ದೆವು. ಮರುದಿನ ಒಪ್ಪಿಸಬೇಕಿತ್ತು. ಆದರೆ ಕೋಟೆಯೊಳಗೆ ಓಡುವ ನಮ್ಮ ಆಟದ ಹುಡುಗಿ ಒಮ್ಮೊಮ್ಮೆ ನೆಲದೊಳಗೆ ಬಿದ್ದು ಮಾಯವಾಗುತ್ತಿದ್ದಳು. ತಪ್ಪು ಎಲ್ಲಿದೆಯೆಂದು ಇಬ್ಬರಿಗೂ ಸಿಗಲಿಲ್ಲ.

ಕೆಲಸವಿಲ್ಲದೆ ನಮ್ಮ ಕಟ್ಟೆಯ ಮೇಲೆ ಕುಳಿತಿದ್ದ ಕಾಕಾ ಲ್ಯಾಪ್‌ಟಾಪ್ ಎಳೆದುಕೊಂಡು, ಯಾವ ಗುಂಡಿ ಒತ್ತಬೇಕೆಂದು ನನ್ನನ್ನು ಕೇಳಿಕೊಂಡರು. ಹುಡುಗಿಯನ್ನು ಓಡಿಸಲೇ ಇಲ್ಲ. ಕೋಟೆಯ ನೆಲದ ಒಂದೊಂದು ಕಲ್ಲಿನ ಮೇಲೂ ಮೂರು ಸಲ ಜಿಗಿಸಿದರು.

"ಹಿಂಗಾದ್ರ ಆಟ ಯಾವಾಗ ಮುಗಸ್ತೀರಿ ಕಾಕಾ?" ಎಂದೆ.

"ನಿಮ್ಗ ಬರೇ ಓಡೂದೇ ಅವಸರ. ಕಲ್ಲು ಕುಂತದೋ ಇಲ್ಲೋ ಯಾರ್ ನೋಡ್ಬೇಕು?"

ಕೋಟೆಯ ಬಾವಿಯ ಪಕ್ಕದ ಕಲ್ಲಿನಲ್ಲಿ ಹುಡುಗಿ ಮುಳುಗಿದಳು. "ಇದೇ ನೋಡು, ಪೊಳ್ಳದ" ಎಂದರು. ಅದೊಂದನ್ನು ಸರಿಪಡಿಸಿದೆವು. ಇಬ್ಬರೂ ಪಾಸಾದೆವು.

ಹೋದ ತಿಂಗಳು ಕಾಕಾ ತೀರಿಕೊಂಡರು. ಮಾತಾಡಿಸಲು ಹೋದವಳು ಅವರ ಪಡಸಾಲೆಯಲ್ಲಿ ಕುಳಿತು, ನನಗೇ ತಿಳಿಯದಂತೆ ನೆಲದ ಕಲ್ಲನ್ನು ತಟ್ಟುತ್ತಿದ್ದೆ. ಕಾಕಿ ನೋಡಿ, ಅಷ್ಟು ದುಃಖದಲ್ಲೂ ಸಣ್ಣಗೆ ನಕ್ಕರು.

"ಅವರೇ ಕುಂದ್ರಿಸಿದ್ದವ್ವಾ. ಆರಾಮ್ ಕುಂದ್ರು."