ಬಾಯಿಗೆ ಇಪ್ಪತ್ತೈದು ನಿಮಿಷದ ಬೀಗ

ಮಾತಾಡುತ್ತ ಕೂತ ನೆಂಟರನ್ನು ಎಬ್ಬಿಸುವುದು ಹೇಗೆ? ಅರವತ್ತೆಂಟು ವರ್ಷವಾದರೂ ನನಗಿದು ಬಂದಿಲ್ಲ, ಮೊಮ್ಮಕ್ಕಳೇ. ನಿಮ್ಮ ಅಜ್ಜ ಇದ್ದಾಗ ಪಡಸಾಲೆಯಿಂದ ಒಮ್ಮೆ ಕೆಮ್ಮುತ್ತಿದ್ದರು. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಗಂಗವ್ವ ತಟ್ಟನೆ ಸೆರಗು ಹೊದ್ದು ಎದ್ದುಬಿಡುತ್ತಿದ್ದಳು. ಭಾವನ ಕೆಮ್ಮಿಗೆ ಅಷ್ಟು ಮರ್ಯಾದೆ. ಈಗ ಕೆಮ್ಮುವವರಿಲ್ಲ. (ನಾನು ಕೆಮ್ಮಿದರೆ ಶುಂಠಿ ಕಷಾಯ ಕಾಸಿ ಕೊಟ್ಟು ಇನ್ನೊಂದು ತಾಸು ಕೂರುತ್ತಾಳೆ.)

ಮೊನ್ನೆ ಬೆಳಿಗ್ಗೆ ಹತ್ತಕ್ಕೆ ಆಕೆ ತಿಕೋಟಾ ಬಸ್ಸಿಳಿದು ಇಬ್ರಾಹಿಂಪುರದ ನಮ್ಮ ಮನೆಗೆ ಬಂದಳು. ಹನ್ನೊಂದೂವರೆಯೊಳಗೆ ಈ ಅಂಕಣ ಪತ್ರಿಕೆಗೆ ಹೋಗಬೇಕಿತ್ತು. ಹೋದ ವಾರ ತಡವಾಗಿ, ಸಂಪಾದಕರು ನನ್ನ ಜಾಗದಲ್ಲಿ ಬೋರ್‌ವೆಲ್ ಜಾಹೀರಾತು ಹಾಕಿದ್ದರು. ಇನ್ನೊಮ್ಮೆ ತಡವಾದರೆ ಜಾಗ ಬೋರ್‌ವೆಲ್ಲಿಗೇ ಕಾಯಂ ಎಂದಿದ್ದರು. ನನ್ನ ಹಾಳೆಯಲ್ಲಿದ್ದದ್ದು ಎರಡೇ ಸಾಲು.

ಇಂಜಿನಿಯರಿಂಗ್ ಓದುವ ಮೊಮ್ಮಗಳು ಅಕ್ಷತಾ ನನ್ನ ಮುಖ ನೋಡಿ ಲ್ಯಾಪ್‌ಟಾಪ್ ತಂದಿಟ್ಟಳು. ಕಪ್ಪು ಪರದೆ, ಬಿಳಿ ಅಕ್ಷರ. ಚಿತ್ರವಿಲ್ಲ, ಬಣ್ಣವಿಲ್ಲ. ಪರೀಕ್ಷೆಗೆ ಓದಲು ತಾನೇ ಬರೆದುಕೊಂಡ ಟೈಮರ್ ಅದು. ‘ಕೆಲಸ 25, ಬಿಡುವು 5’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ನಿಮಿಷಗಳು ಇಳಿಯುತ್ತವೆ, ಹೊತ್ತು ಮುಗಿದಾಗ ಟಿಣ್ ಎನ್ನುತ್ತದೆ.

“ಸಣ್ಣಾಯಿ, ಇದು ಟಿಣ್ ಅನ್ನೂತನಾ ಯಾರೂ ಮಾತಾಡಂಗಿಲ್ಲ” ಎಂದಳು ಗಂಗವ್ವನಿಗೆ.

“ಮಾತಾಡಿದ್ರ ಏನಾಕ್ಕೈತಿ?” ಗಂಗವ್ವ ಕೇಳಿದಳು.

“ಮತ್ತ ಮೊದಲಿಂದ ಎಣಿಸ್ತೈತಿ.” (ಶುದ್ಧ ಸುಳ್ಳು.)

“ಯವ್ವಾ, ನಮ್ಮ ಅತ್ತಿಗಿಂತ ಬಿರುಸು ಐತಿ ಬಿಡು” ಎಂದು ಗಂಗವ್ವ ಬಾಯಿಗೆ ಸೆರಗು ಒತ್ತಿ ಕೂತಳು.

ಎಂಟು ಸಾಲು ಬರೆದೆ. ಟಿಣ್. ಬಿಡುವು.

“ಯಕ್ಕಾ, ಬಬಲೇಶ್ವರದಾಗ ನಮ್ಮ ಅಣ್ಣನ ಮಗಳ ನಿಶ್ಚಯ ಇತ್ತು.” ನಾಲ್ಕು ನಿಮಿಷ ಊಟದ ವರ್ಣನೆಗೇ ಹೋಯಿತು. “ಹುಡುಗನ ಅವ್ವ, ‘ರೊಟ್ಟಿ ಬಡಿಯಾಕ ಬರ್ತೈತೇನವ್ವಾ’ ಅಂತ ಕೇಳಿದ್ಲು. ಹುಡುಗಿ ಎಲ್ಲಾರ ಮುಂದ ಎದ್ದು ನಿಂತು ಏನಂದ್ಲಂದ್ರ...”

ಟಿಣ್. ಬಾಯಿಗೆ ಸೆರಗು.

“ಏನಂದ್ಲು?” ಪಿಸುಗುಟ್ಟಿದೆ. ಗಂಗವ್ವ ಪರದೆಯತ್ತ ಬೆರಳು ತೋರಿಸಿದಳು.

“ಆಯಿ, ಬರಿ” ಎಂದಳು ಅಕ್ಷತಾ.

ಏನು ಬರೆಯಲಿ? ಹುಡುಗಿ ಏನಂದಿರಬಹುದು? ಸಂಬಂಧ ಮುರಿಯಿತೇ? ಸೀರೆ ವಾಪಸ್ಸೇ? ಪರದೆಯಲ್ಲಿ ಇಪ್ಪತ್ತೈದು ಹೋಗಿ ಹದಿನಾರಾಯಿತು. ಹಾಳೆಯ ಮೇಲೆ ಒಂದಕ್ಷರವಿಲ್ಲ. ಗೋಡೆಯ ಗಡಿಯಾರ ಹನ್ನೊಂದರ ಹತ್ತಿರ.

“ಇದನ್ನ ನಿಲ್ಲಿಸೂದು ಹ್ಯಾಂಗ?”

“ಕಂಟ್ರೋಲ್ ಹಿಡದು ಸಿ ಒತ್ತಬೇಕು. ನಿನಗ ಕಂಟ್ರೋಲ್ ಎಲ್ಲೈತಿ ಆಯಿ?”

ಘೋಣಸಗಿ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು ನಾನು. ಸಿ ಗೊತ್ತು. ಕಂಟ್ರೋಲ್ ಹುಡುಕಿ ಎರಡನ್ನೂ ಒತ್ತಿದೆ.

“ಹೇಳು ಗಂಗಾ.”

“‘ನನಗ ಬರೂದಿಲ್ರಿ, ನಿಮ್ಮ ಮಗಗ ಬರ್ತೈತೇನ್ರಿ’ ಅಂದ್ಲು. ಹುಡುಗ ತಲಿ ತಗ್ಗಿಸಿ ‘ಬರ್ತೈತಿ’ ಅಂದ. ಅವನ ಅವ್ವಗ ಅವತ್ತ ಗೊತ್ತಾತು ನೋಡು.”

ಬರೆದ ಎಂಟು ಸಾಲು ಹೊಡೆದು ಹಾಕಿ ಇದನ್ನೇ ಬರೆದೆ. ಅಕ್ಷತಾ ಹಾಳೆಗಳ ಫೋಟೋ ತೆಗೆದು ಕಳಿಸಿದಾಗ ಮೂರು ನಿಮಿಷ ಉಳಿದಿತ್ತು. ಬೋರ್‌ವೆಲ್ ಸೋತಿತು.

ಬಾಯಿ ಮುಚ್ಚಿಸಲು ಟೈಮರ್ ಇದೆ, ಸರಿ. ಕಿವಿಗೆ ಯಾವ ಕಮಾಂಡ್ ಕೊಡಬೇಕು?