ಆರನೇ ಸಂಪುಟದ ರಾಣಿ

ವಾರಿಜಾಕ್ಷಿಯ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಉಡುಪಿಯವಳು. ಇಲ್ಲಿ ಮಲೇಷ್ಯಾದಲ್ಲಿ, ನಿಲಾಯ್ ಊರಿನ ಮೆಡಿಕಲ್ ಕಾಲೇಜೊಂದರಲ್ಲಿ ಹೆರಿಗೆ ಶಾಸ್ತ್ರ ಕಲಿಸುತ್ತಾಳೆ. ಹೊಟ್ಟೆ ಮುಟ್ಟುವ ಮೊದಲು ಹೆಂಗಸನ್ನು ಕೇಳಿ ಎನ್ನುವುದು ಅವಳ ಮೊದಲ ಪಾಠ. ತಿಂಗಳಿಗೊಂದು ಭಾನುವಾರ ನಾವು ನಾಲ್ವರು ಕನ್ನಡದ ಹೆಂಗಸರು ಸುಬಾಂಗ್ ಜಯಾದ ಅವಳ ಮನೆಯಲ್ಲಿ ಸೇರಿ, ಅಮೆರಿಕದವನೊಬ್ಬ ಬರೆದ ಒಂಬತ್ತು ಸಂಪುಟಗಳ ಕಾದಂಬರಿ ಓದುತ್ತಿದ್ದೆವು. ಮಂತ್ರವಾದಿಗಳು, ಯುದ್ಧಗಳು, ಸಿಂಹಾಸನಕ್ಕೆ ವಾರಸುದಾರ ಬೇಕೆಂಬ ಗೋಳು. ನಾವೆಲ್ಲ ಯುದ್ಧದ ಪುಟ ಮಡಚಿಟ್ಟುಕೊಂಡರೆ, ಇವಳು ಬಸಿರಾದ ಪ್ರತಿ ರಾಣಿಯ ಪಕ್ಕ ಪೆನ್ಸಿಲಿನಲ್ಲಿ ಕೇಸ್ ಶೀಟ್ ಬರೆಯುತ್ತಿದ್ದಳು: ಎಷ್ಟನೇ ಬಸಿರು, ಎಷ್ಟು ಮಕ್ಕಳು ಉಳಿದವು, ಅವಳನ್ನು ಕೇಳಿದರೇ? ಕೊನೆಯದಕ್ಕೆ ಹೆಚ್ಚಾಗಿ 'ಇಲ್ಲ' ಎಂದೇ ಇರುತ್ತಿತ್ತು. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಅವಳಿಗೆ ನಲವತ್ತೊಂದು. ಮೂರು ಸಲ ಐವಿಎಫ್ ಮಾಡಿಸಿದ್ದಳು, ಮೂರು ಸಲವೂ ಬಸಿರು ನಿಲ್ಲಲಿಲ್ಲ. ಅಷ್ಟು ನಮಗೆ ಗೊತ್ತಿತ್ತು. ಕ್ಲಿನಿಕ್ಕಿನಲ್ಲಿ ಫ್ರೀಜ್ ಮಾಡಿಟ್ಟ ಇನ್ನೊಂದು ಭ್ರೂಣ ಉಳಿದಿದೆ, ಗಂಡ ಉಲ್ಲಾಸನಿಗೆ ಅದನ್ನು ಬಿಡಲು ಮನಸ್ಸಿಲ್ಲ, ಇವಳಿಗೆ ಸಾಕಾಗಿಹೋಗಿದೆ ಎಂಬುದು ಗೊತ್ತಿರಲಿಲ್ಲ.

ಆ ಭಾನುವಾರ ಆರನೇ ಸಂಪುಟ. ಒಂದರ ಹಿಂದೊಂದು ಕೂಸು ಕಳೆದುಕೊಂಡ ರಾಣಿ, ಇನ್ನು ಹೆರುವುದಿಲ್ಲವೆಂದು ಯಾವುದೋ ಬೇರು ಅರೆದು ಕುಡಿಯುತ್ತಾಳೆ. ವಾರಸುದಾರನಿಲ್ಲದೆ ರಾಜ್ಯ ಹಾಳಾಗುತ್ತದೆ. ಉಲ್ಲಾಸ್ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ತಪೌ, ಅಂದರೆ ಪಾರ್ಸೆಲ್, ಮಾಡಿಸಿ ತಂದ ರೊಟ್ಟಿಯನ್ನು ನಮ್ಮ ತಟ್ಟೆಗಳಿಗೆ ಹಾಕುತ್ತಿದ್ದ.

"ಅವಳು ಮಾಡಿದ್ದು ತಪ್ಪಾ ಅಕ್ಕ?" ಎಂದು ವಾರಿಜಾಕ್ಷಿ ನನ್ನನ್ನೇ ಕೇಳಿದಳು. "ಸಾಕು ಅಂತ ಹೇಳ್ಲಿಕ್ಕಿಲ್ವಾ ಒಬ್ಬಳಿಗೆ?"

"ತಪ್ಪೇ ಕಣೇ," ಎಂದೆ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. "ಇನ್ನೊಂದೇ ಒಂದು ಸಲ ಟ್ರೈ ಮಾಡಿದ್ರೆ ಅವಳ ಗಂಟೇನ್ ಹೋಗ್ತಿತ್ತು? ಶುದ್ಧ ಸೆಲ್ಫಿಶ್!"

ಎಲ್ಲರೂ ನಕ್ಕರು. ಉಲ್ಲಾಸನೂ ನಕ್ಕ. ಅವಳು ಟೀ ಮಾಡಲು ಎದ್ದು ಹೋದಳು.

ಆಮೇಲೆ ಎರಡು ತಿಂಗಳು ಓದು ಬೇಡವೆಂದಳು. ಕೇಳಿದರೆ ಡ್ಯೂಟಿ ಎನ್ನುತ್ತಿದ್ದಳು. ಮೂರನೇ ತಿಂಗಳು ನಾನೇ ಹೋದೆ. ಬಾಗಿಲು ತೆರೆದ ಉಲ್ಲಾಸನ ಮುಖ ಬಾಡಿತ್ತು. "ಈ ಸಲ ಹನ್ನೊಂದು ವಾರ ಇತ್ತು," ಎಂದ. ಉಳಿದಿದ್ದ ಭ್ರೂಣದ ವಿಷಯವನ್ನೂ, ಅವಳಿಗೆ ಅಷ್ಟು ಮನಸ್ಸಿರಲಿಲ್ಲ ಎಂಬುದನ್ನೂ ಆಗಲೇ ಹೇಳಿದ. ರಕ್ತ ವಿಪರೀತ ಹೋಗಿ, ಆರು ದಿನ ಆಸ್ಪತ್ರೆಯಲ್ಲಿದ್ದು ಬಂದಿದ್ದಳಂತೆ. ಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನನಗೆ ಅಳುವೂ ಬಂತು, ಸಿಟ್ಟೂ ಬಂತು.

"ಬೇಡ ಅಂತ ಬಾಯಿಬಿಟ್ಟು ಹೇಳಬಾರದಿತ್ತೇನೇ?"

"ಆ ಭಾನುವಾರ ರಾತ್ರಿಯೇ ಹೇಳಿದೆ. 'ನಿನ್ನ ಫ್ರೆಂಡ್ಸೇ ಹೇಳ್ತಾರಲ್ಲ, ಇನ್ನೊಂದು ಸಲ ಅಂತ' ಅಂದ್ರು ಇವರು. ಮರುದಿನ ಕ್ಲಿನಿಕ್ಕಿಗೆ ಹೋಗಿ ಸೈನ್ ಹಾಕಿ ಬಂದೆ."

"ಅಯ್ಯೋ, ನಾನು ಹೇಳಿದ್ದು ಪುಸ್ತಕದ ರಾಣಿ ಬಗ್ಗೆ ಅಲ್ವೇನೇ!"

ಅವಳು ಈ ಕಡೆ ತಿರುಗಲಿಲ್ಲ.

"ಹೌದಕ್ಕ. ನಾನು ಕೇಳಿದ್ದು ನನ್ನ ಬಗ್ಗೆ."